ಗಡಿ ದಾಟಿ ಬಂದ ಗುರು

ಒಟ್ಟು 329 ಸಲ. ಲಡಾಖಿನ ಪ್ಯಾಂಗಾಂಗ್ ಸರೋವರದ ಮೇಲೆ ಗುರುತು ಸಿಗದ ಬೆಳಕಿನ ಉಂಡೆಗಳು ಇಷ್ಟು ಸಲ ಕಾಣಿಸಿಕೊಂಡವು ಎಂದು ಭಾರತೀಯ ಸೇನೆಯ ಕಾವಲು ಠಾಣೆಗಳಲ್ಲಿ ದಾಖಲಾಗಿತ್ತು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗಿನ ಲೆಕ್ಕ ಅದು. ಅವುಗಳ ಪೈಕಿ 155 ಸಲ ಈ ಉಂಡೆಗಳು ಚೀನಾ ಕಡೆಯಿಂದ ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಈಚೆ ಬಂದಿದ್ದವಂತೆ. ಗಡಿ ಕಾಯುವ ಸೈನ್ಯದ ಭಾಷೆಯಲ್ಲಿ ಇದಕ್ಕೆ ಅತಿಕ್ರಮಣ ಎಂದು ಹೆಸರು. ಅತಿಕ್ರಮಣ ಎಂದ ಮೇಲೆ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆಯೂ ಏಳಲೇಬೇಕು.

ಹಾರುವ ತಟ್ಟೆಗಳ ಕಥೆ ಕೇಳಿ ಬೆಳೆದವರಿಗೆ ಇದೊಂದು ಮೋಜಿನ ಸುದ್ದಿ. ಆದರೆ ಪ್ಯಾಂಗಾಂಗ್ ಮೋಜಿನ ಜಾಗವಲ್ಲ. ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿ, ಬೋಳು ಬೆಟ್ಟಗಳ ನಡುವೆ, 130 ಕಿಲೋಮೀಟರಿಗೂ ಉದ್ದವಾಗಿ ಚಾಚಿಕೊಂಡ ಉಪ್ಪುನೀರಿನ ಸರೋವರ ಅದು. ಅದರ ಸುಮಾರು ಮೂರನೆಯ ಒಂದು ಪಾಲು ಭಾರತದ ವಶದಲ್ಲಿದೆ, ಉಳಿದದ್ದು ಚೀನಾದ ವಶದಲ್ಲಿ. ನಡುವೆ ಬೇಲಿಯಿಲ್ಲ, ಕಲ್ಲು ನೆಟ್ಟಿಲ್ಲ; ರೇಖೆ ಎಲ್ಲಿ ಹಾದುಹೋಗುತ್ತದೆ ಎಂಬ ಬಗ್ಗೆಯೇ ಎರಡು ದೇಶಗಳಿಗೆ ಒಮ್ಮತವಿಲ್ಲ. 1962ರ ಅಕ್ಟೋಬರ್ 20ರಂದು ಇದೇ ಸರೋವರದ ಉತ್ತರ ದಂಡೆಯ ಸಿರಿಜಾಪ್ ಠಾಣೆಯಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಬೆರಳೆಣಿಕೆಯ ಗೂರ್ಖಾ ಸಿಪಾಯಿಗಳೊಡನೆ ಹೋರಾಡಿ ಪರಮವೀರ ಚಕ್ರ ಪಡೆದರು. ಅಂಥ ನೆನಪುಗಳ ನೆಲದಲ್ಲಿ ನಟ್ಟಿರುಳು ಪೂರ್ವದ ಬೆಟ್ಟದ ಹಿಂದಿನಿಂದ ಹಳದಿ ಬೆಳಕೊಂದು ಮೇಲೆದ್ದು, ಮೂರು ನಾಲ್ಕು ತಾಸು ನಿಧಾನವಾಗಿ ತಲೆಯ ಮೇಲಕ್ಕೆ ಸಾಗಿ ಬಂದರೆ ಕಾವಲಿಗೆ ನಿಂತ ಜವಾನ ಏನು ಮಾಡಬೇಕು? ಕಂಡದ್ದನ್ನು ಬರೆದುಕೊಳ್ಳಬೇಕು, ಮೇಲಿನವರಿಗೆ ತಿಳಿಸಬೇಕು. ಅವನು ಮಾಡಿದ್ದೂ ಅದನ್ನೇ. ಮುಂದೆ ಪತ್ರಿಕೆಗಳಲ್ಲಿ ನಗೆಯಾಡಿದವರು ಬಹಳ ಮಂದಿ. ಮೈ ಕೊರೆಯುವ ಚಳಿಯಲ್ಲಿ ಆರು ತಿಂಗಳು ತಪ್ಪದೆ ಆಕಾಶ ನೋಡಿ ಬರೆದಿಟ್ಟ ಆ ಶಿಸ್ತನ್ನು ಗಮನಿಸಿದವರು ಕಡಿಮೆ.

ಸಂಶಯ ಚಾಲಕರಿಲ್ಲದ ಬೇಹುಗಾರಿಕೆ ವಿಮಾನಗಳ ಮೇಲೆ, ಅಂದರೆ ಡ್ರೋನ್‌ಗಳ ಮೇಲೆ ಬಿತ್ತು. ಅದು ಅಸಂಬದ್ಧ ಸಂಶಯವೇನಲ್ಲ. ಆ ವೇಳೆಗೆ ಡ್ರೋನ್‌ಗಳ ಬಳಕೆ ಎಲ್ಲ ಸೈನ್ಯಗಳಲ್ಲೂ ಹೆಚ್ಚುತ್ತಿತ್ತು. ಬೇರೆ ಗ್ರಹದವರು ಬಂದರೆಂದು ಸೇನೆ ಎಂದೂ ಹೇಳಲಿಲ್ಲ, ಆ ಮಸಾಲೆ ಬೆರೆಸಿದವರು ಬೇರೆಯವರು. ಗುರುತು ಸಿಗದ ಹಾರುವ ವಸ್ತು ಎಂದರೆ ಗುರುತು ಸಿಕ್ಕಿಲ್ಲ ಎಂದಷ್ಟೇ ಅರ್ಥ. ಗುರುತು ಸಿಗದ್ದಕ್ಕೆಲ್ಲ ಹಸಿರು ಮೈಯ, ಮೂರು ಕಣ್ಣಿನ ಒಡೆಯನೊಬ್ಬನನ್ನು ಕೂಡಿಸುವುದು ಸಿನಿಮಾದವರ ಕೆಲಸ.

ತನಿಖೆ ಶುರುವಾಯಿತು. ಸರೋವರದ ಬಳಿಯ ಬೆಟ್ಟವೊಂದರ ಮೇಲಕ್ಕೆ ಸಾಗಿಸಬಲ್ಲ ರಡಾರ್ ಒಂದನ್ನೂ ರೇಡಿಯೋ ತರಂಗಗಳನ್ನು ಅಳೆಯುವ ಯಂತ್ರವನ್ನೂ ಒಯ್ದರು ಎಂದು 2012ರ ನವೆಂಬರಿನಲ್ಲಿ ವರದಿಗಳು ಬಂದವು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದ ಬೆಳಕು ರಡಾರಿಗೆ ಕಾಣಲಿಲ್ಲ. ಅದರಿಂದ ಯಾವ ರೇಡಿಯೋ ಸಂಕೇತವೂ ಹೊರಡುತ್ತಿರಲಿಲ್ಲ. ಹಾಗಾದರೆ ಅದು ಲೋಹದ್ದಲ್ಲ ಎಂದು ಕೆಲವರು ತರ್ಕಿಸಿದರು. ಸೇನೆಯದೇ ಡ್ರೋನ್ ಒಂದನ್ನು ಬೆಳಕಿನ ಕಡೆಗೆ ಹಾರಿಸಿಯೂ ನೋಡಿದರಂತೆ. ಅದು ತನ್ನ ಶಕ್ತಿ ಮೀರಿ ಮೇಲೇರಿದರೂ ಬೆಳಕು ಕೈಗೆ ಸಿಗಲಿಲ್ಲ.

ಇಲ್ಲಿ ಒಂದು ಕ್ಷಣ ನಿಂತು ಆ ರಡಾರಿನ ಕಷ್ಟವನ್ನು ನೋಡಬೇಕು. ರಡಾರ್ ಮಾಡುವುದು ಕೂಗಿ ಪ್ರತಿಧ್ವನಿಗೆ ಕಿವಿಗೊಡುವ ಕೆಲಸ. ರೇಡಿಯೋ ತರಂಗದ ಒಂದು ತುಣುಕನ್ನು ಕಳಿಸುತ್ತದೆ, ಎದುರಿಗಿರುವ ವಸ್ತುವಿಗೆ ತಾಗಿ ಅದು ಹಿಂದಿರುಗಲು ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ನೂರಾರು ಕಿಲೋಮೀಟರಿನ ವ್ಯಾಪ್ತಿಯಲ್ಲಿ ವಿಮಾನವಿದ್ದರೆ ಪ್ರತಿಧ್ವನಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. 2012ರ ಡಿಸೆಂಬರಿನ ಮೊದಲ ವಾರ ಗುರುಗ್ರಹ ಭೂಮಿಗೆ ಆ ವರ್ಷದ ಅತಿ ಸಮೀಪದಲ್ಲಿತ್ತು. ಸಮೀಪವೆಂದರೆ ಎಷ್ಟು? ಸುಮಾರು 60 ಕೋಟಿ ಕಿಲೋಮೀಟರ್! ಬೆಳಕಿನ ವೇಗದಲ್ಲೇ ಓಡುವ ತರಂಗ ಅಲ್ಲಿಗೆ ಹೋಗಿ ಬರಲು ಒಂದು ತಾಸಿಗಿಂತ ಹೆಚ್ಚು ಬೇಕು. ಅಷ್ಟು ಹೊತ್ತು ಕಾದರೂ ಬೆಟ್ಟದ ಮೇಲಿನ ಪುಟ್ಟ ರಡಾರಿಗೆ ಏನೂ ಕೇಳಿಸದು. ಅದಕ್ಕಿಂತ ಎಷ್ಟೋ ಹತ್ತಿರದ ಶುಕ್ರನಿಗೆ ರಡಾರ್ ತಾಗಿಸಿ ಪ್ರತಿಧ್ವನಿ ಪಡೆಯಲು 1961ರಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ದೈತ್ಯ ಆಂಟೆನಾಗಳೇ ಬೇಕಾದವು. ರಡಾರಿಗೆ ಕಾಣದ್ದು ಲೋಹದ್ದಲ್ಲ ಎಂಬುದು ಒಂದು ಊಹೆ. ರಡಾರಿನ ಕೈಗೆ ಎಟುಕದಷ್ಟು ದೂರದ್ದು ಎಂಬುದು ಇನ್ನೊಂದು. ಎರಡನೆಯದು ಮೊದಲಿಗೆ ಯಾರಿಗೂ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಗಡಿಯಲ್ಲಿ ನಿಂತವನ ಮನಸ್ಸು ಗಡಿಯಾಚೆಗಿನ ಶತ್ರುವನ್ನು ಲೆಕ್ಕ ಹಾಕುತ್ತದೆಯೇ ಹೊರತು ಸೌರಮಂಡಲವನ್ನಲ್ಲ.

ಆ ಡಿಸೆಂಬರಿನಲ್ಲಿ ಸಂಗತಿ ಸಂಸತ್ತಿಗೂ ಹೋಯಿತು. ಗಡಿಯಲ್ಲಿ ಇಂಥ ವಸ್ತುಗಳು ಕಂಡದ್ದಕ್ಕೆ ಖಚಿತ ಪುರಾವೆಯಿಲ್ಲ ಎಂದು ರಕ್ಷಣಾ ಸಚಿವ ಎ.ಕೆ. ಆಂಟನಿ ಉತ್ತರಿಸಿದರು. ಖಗೋಳ ವಿಜ್ಞಾನಿಗಳು ಬಂದು ನೋಡಿ, ಇವು ಗ್ರಹಗಳೂ ಅಲ್ಲ, ಉಲ್ಕೆಗಳೂ ಅಲ್ಲ ಎಂದರೆಂದು ಹೆಸರು ಹೇಳದ ಸೇನಾಧಿಕಾರಿಗಳನ್ನು ನೆಚ್ಚಿ ಅದಕ್ಕೆ ಮುಂಚೆಯೇ ಒಂದು ವರದಿ ಪ್ರಕಟವಾಗಿತ್ತು. ಮುಂದೆ ಹೊರಬಿದ್ದ ನಿರ್ಣಯ ಅದಕ್ಕೆ ನೇರ ವಿರುದ್ಧವಾಗಿತ್ತು. ತನಿಖೆ ಮುಗಿಯುವ ಮೊದಲೇ ಹೊರಬರುವ ತೀರ್ಪುಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೆ ಮಕ್ಕಳಿಗೆ ತೋರಿಸಬಹುದಾದ ಒಳ್ಳೆಯ ಉದಾಹರಣೆ ಇದು.

ಕಡೆಗೆ ನಿರ್ಣಯ ಹೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಲಡಾಖಿನ ಬೆಳಕಿಗೂ ಬೆಂಗಳೂರಿಗೂ ಎಲ್ಲಿಂದೆಲ್ಲಿಯ ನಂಟು ಎನ್ನಬಹುದು. ನಂಟು ಹಳೆಯದೇ. ಪ್ಯಾಂಗಾಂಗ್‌ನ ದಕ್ಷಿಣಕ್ಕೆ, ಇನ್ನೂ ಎತ್ತರದ ಹಾನ್ಲೆ ಎಂಬಲ್ಲಿ ಈ ಸಂಸ್ಥೆಯ ವೀಕ್ಷಣಾಲಯವಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ, ಎರಡು ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕ ಅಲ್ಲಿದೆ. ಅದನ್ನು ನಡೆಸುವವರು ಮಾತ್ರ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ಮಗ್ಗುಲ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಉಪಗ್ರಹದ ಮೂಲಕ ಇಲ್ಲಿಂದ ಹೇಳಿದಂತೆ ಅಲ್ಲಿ ದೂರದರ್ಶಕ ಕತ್ತು ತಿರುಗಿಸುತ್ತದೆ. ಹೊಸಕೋಟೆಯ ಸಂತೆಗೆ ಹೋಗಿಬರುವ ಎಷ್ಟೋ ಮಂದಿಗೆ, ಅದೇ ಊರಿನ ಒಂದು ಕೋಣೆಯಿಂದ ಹಿಮಾಲಯದ ನೆತ್ತಿಯ ಆಕಾಶವನ್ನು ನೋಡುತ್ತಾರೆಂಬುದು ಗೊತ್ತಿಲ್ಲ.

ಖಭೌತ ಸಂಸ್ಥೆಯವರಿಗೆ ಒಪ್ಪಿಸಿದ ಕೆಲಸ ಒಂದೇ: ಕಂಡ ವಸ್ತು ಭೂಮಿಗೆ ಸೇರಿದ್ದೋ ಆಕಾಶಕ್ಕೆ ಸೇರಿದ್ದೋ ಎಂದು ಹೇಳುವುದು. ಸಂಸ್ಥೆಯ ಖಗೋಳಜ್ಞ ತುಷಾರ್ ಪ್ರಭು ಪತ್ರಿಕೆಯೊಂದಕ್ಕೆ ಹೇಳಿದ್ದೂ ಇಷ್ಟನ್ನೇ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಾಗಲಿಲ್ಲ. ಬೆಳಕಿನ ಉಂಡೆ ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಎಲ್ಲಿದೆ, ಹೊತ್ತು ಸರಿದಂತೆ ಅದು ನಕ್ಷತ್ರಗಳ ನಡುವೆ ಚಲಿಸುತ್ತದೆಯೋ ಅಥವಾ ಅವುಗಳ ಜೊತೆಗೇ ಸಾಗುತ್ತದೆಯೋ ಎಂಬುದನ್ನು ಸೈನಿಕರು ದಾಖಲಿಸಿದರು. ಅಷ್ಟಾದದ್ದೇ ತಡ, ಗುಟ್ಟು ರಟ್ಟಾಯಿತು. ಅದು ನಕ್ಷತ್ರಗಳ ಜೊತೆಗೇ ಸಾಗುತ್ತಿತ್ತು.

ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಆದ್ದರಿಂದ ಆಕಾಶವೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಜಾರುತ್ತದೆ, ತಾಸಿಗೆ 15 ಡಿಗ್ರಿಯಂತೆ. ಕೈ ನೀಡಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ತಾಸಿಗೆ ಒಂದೂವರೆ ಮುಷ್ಟಿ. ಡ್ರೋನ್ ಎಂಬುದು ಇಷ್ಟು ಶಿಸ್ತಿನಿಂದ, ರಾತ್ರಿಯಿಂದ ರಾತ್ರಿಗೆ ಇದೇ ವೇಗದಲ್ಲಿ, ಅದೇ ನಕ್ಷತ್ರದ ಮಗ್ಗುಲು ಬಿಡದೆ ಹಾರಲಾರದು. ಇನ್ನೊಂದು ಸುಳಿವೂ ಇದೆ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಮೂಡುತ್ತವೆ. ಅವುಗಳ ನಡುವೆ ನಿಧಾನವಾಗಿ ತೆವಳುವ ಗುರುವೂ ಹೆಚ್ಚುಕಡಿಮೆ ಹಾಗೆಯೇ. ಆ ವರ್ಷ ಲಡಾಖಿನಲ್ಲಿ ಗುರು ಆಗಸ್ಟ್ ನಡುವೆ ಮಧ್ಯರಾತ್ರಿ ಕಳೆದೊಡನೆ ಮೂಡುತ್ತಿದ್ದರೆ, ಅಕ್ಟೋಬರ್ ನಡುವಿಗೆ ರಾತ್ರಿ ಎಂಟೂವರೆಯ ಸುಮಾರಿಗೆ ಮೂಡುತ್ತಿತ್ತು. ಡಿಸೆಂಬರ್ ಮೊದಲ ವಾರ ಹೊತ್ತು ಮುಳುಗುತ್ತಿದ್ದಂತೆಯೇ ಹಾಜರು. ಶುಕ್ರನ ಲೆಕ್ಕ ಬೇರೆ. ಅದು ಸೂರ್ಯನನ್ನು ಬಿಟ್ಟು ದೂರ ಹೋಗದ ಗ್ರಹ. ಆಗಸ್ಟ್‌ನಲ್ಲಿ ಸೂರ್ಯೋದಯಕ್ಕೆ ಮೂರು ತಾಸು ಮೊದಲೇ ಮೂಡಿ, ಚಳಿಗಾಲ ಬಲಿತಂತೆ ತಡಮಾಡುತ್ತ ಮಾಡುತ್ತ ಸೂರ್ಯನ ಸಮೀಪಕ್ಕೆ ಸರಿಯಿತು. ಬೆಟ್ಟದ ಹಿಂದಿನಿಂದ ಎದ್ದು, ಮೂರು ತಾಸು ಮೇಲೇರಿ, ಬೆಳಗಾಗುತ್ತಲೇ ಮಾಯವಾಗುವ ಬೆಳಕು ಎಂದರೆ ಇನ್ನೇನಾಗಿರಲು ಸಾಧ್ಯ?

ಕನ್ನಡನಾಡಿನ ರೈತರಿಗೆ ಈ ಶುಕ್ರ ಅಪರಿಚಿತನೇನೂ ಆಗಿರಲಿಲ್ಲ. ಅವರಿಗೆ ಅದು ಬೆಳ್ಳಿ. ಗಡಿಯಾರವಿಲ್ಲದ ಮನೆಗಳಲ್ಲಿ ಬೆಳ್ಳಿ ಮೂಡಿತೇ ಎಂದು ನೋಡಿಯೇ ಎತ್ತುಗಳಿಗೆ ಮೇವು ಹಾಕುತ್ತಿದ್ದರು, ದೂರದ ಸಂತೆಗೆ ಗಾಡಿ ಹೂಡುತ್ತಿದ್ದರು. ಗುರುವಿನ ವಿಷಯವಂತೂ ಇನ್ನೂ ಸೊಗಸು. 2012–13ರಲ್ಲಿ ಗುರು ವೃಷಭ ರಾಶಿಯಲ್ಲಿದ್ದಾನೆ ಎಂದು ಊರೂರಿನ ಪಂಚಾಂಗಗಳಲ್ಲಿ ಅಚ್ಚಾಗಿತ್ತು. ಮದುವೆಗೆ ಗುರುಬಲ ಉಂಟೋ ಇಲ್ಲವೋ ಎಂದು ಬೆರಳೆಣಿಸಿದವರು ಲಕ್ಷಾಂತರ ಮಂದಿ. ಅವರಲ್ಲಿ ಎಷ್ಟು ಮಂದಿ ಅಂಗಳಕ್ಕೆ ಬಂದು, ವೃಷಭ ರಾಶಿಯ ಕೆಂಪು ರೋಹಿಣಿಯ ಪಕ್ಕದಲ್ಲಿ ಹೊಳೆಯುತ್ತಿದ್ದ ನಿಜವಾದ ಗುರುವನ್ನು ನೋಡಿದ್ದರು? ಗ್ರಹಗಳು ಕಾಗದದ ಮೇಲಿನ ಮನೆಗಳಲ್ಲಿ ಮಾತ್ರ ಇರುತ್ತವೆ ಎಂಬಂತಾಗಿದೆ. ಜವಾನರನ್ನು ಹಾಸ್ಯಮಾಡುವ ಮೊದಲು ಇದನ್ನೊಂದಿಷ್ಟು ಯೋಚಿಸಬಹುದು. ಆ ಚಳಿಗಾಲದ ರಾತ್ರಿಗಳಲ್ಲಿ ಗುರು ಪ್ಯಾಂಗಾಂಗ್‌ನ ಮೇಲೆ ಗಡಿ ದಾಟಿದಂತೆಯೇ ಧಾರವಾಡದ ಮೇಲೂ ಕೋಲಾರದ ಮೇಲೂ ದಾಟಿಹೋಯಿತು.

ಕಣ್ಣು ಮೋಸಹೋಗುವುದಕ್ಕೆ ಬೇರೆ ಕಾರಣಗಳೂ ಇವೆ. ಅಷ್ಟೆತ್ತರದಲ್ಲಿ ಗಾಳಿ ತೆಳು, ಧೂಳಿಲ್ಲ, ಊರ ದೀಪಗಳಿಲ್ಲ. ಬಯಲುಸೀಮೆಯಲ್ಲಿ ಮಂಕಾಗಿ ಮೂಡುವ ಗ್ರಹ ಅಲ್ಲಿ ದೀವಟಿಗೆಯಂತೆ ಉರಿಯುತ್ತದೆ. ಬೆಟ್ಟದಂಚಿನಲ್ಲಿರುವಾಗ ಅದರ ಬೆಳಕು ಗಾಳಿಯ ದಪ್ಪ ಪದರವನ್ನು ಓರೆಯಾಗಿ ಹಾಯ್ದು ಬರುವುದರಿಂದ ಹಳದಿಗೆ ತಿರುಗುತ್ತದೆ, ಅಲುಗಿದಂತೆ ಕಾಣುತ್ತದೆ. ಕತ್ತಲೆಯಲ್ಲಿ ಒಂಟಿ ಬೆಳಕನ್ನು ಎವೆಯಿಕ್ಕದೆ ನೋಡುತ್ತಿದ್ದರೆ, ಅದು ನಿಂತಲ್ಲೇ ಇದ್ದರೂ ಅತ್ತಿತ್ತ ತೇಲಿದಂತೆ ಭಾಸವಾಗುತ್ತದೆ. ನಿಂತ ಜಾಗವನ್ನು ಅಳೆಯಲು ಅಕ್ಕಪಕ್ಕದಲ್ಲಿ ಬೇರೇನೂ ಇಲ್ಲದಿದ್ದಾಗ ಎಂಥವರ ಕಣ್ಣಿಗೂ ಆಗುವ ಭ್ರಮೆ ಇದು. ವಿಮಾನ ಚಾಲಕರಿಗೆ ತರಬೇತಿಯಲ್ಲೇ ಈ ಬಗ್ಗೆ ಎಚ್ಚರಿಕೆ ಹೇಳುತ್ತಾರೆ. ಇನ್ನು ದೂರದ ಮಾತು. ರಾತ್ರಿಯ ಬೆಳಕಿನ ಚುಕ್ಕೆ ಒಂದು ಕಿಲೋಮೀಟರ್ ದೂರದಲ್ಲಿದೆಯೋ ಒಂದು ಕೋಟಿ ಕಿಲೋಮೀಟರ್ ದೂರದಲ್ಲಿದೆಯೋ ಎಂದು ಬರಿಗಣ್ಣು ಹೇಳಲಾರದು. ರೇಖೆ ದಾಟಿತು ಎಂದು ಬರೆಯಲು ದೂರ ಗೊತ್ತಿರಬೇಕು. 155 ಎಂಬ ಸಂಖ್ಯೆಯಲ್ಲಿ ಅಡಗಿದ್ದ ನಿಜವಾದ ದೋಷ ಅದು. ಕಂಡದ್ದರಲ್ಲಿ ತಪ್ಪಿರಲಿಲ್ಲ, ಕಂಡದ್ದಕ್ಕೆ ಜಾಗ ಗೊತ್ತುಮಾಡಿದ್ದರಲ್ಲಿ ತಪ್ಪಿತ್ತು.

ಇದೆಲ್ಲ ಏನು ಮಹಾ, ಯಾರಿಗೂ ಏನೂ ಆಗಲಿಲ್ಲವಲ್ಲ ಎನ್ನುವವರು 1942ರ ಫೆಬ್ರವರಿ 24ರ ರಾತ್ರಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಡೆದದ್ದನ್ನು ಓದಬೇಕು. ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಊರಿಗೆ ಊರೇ ದೀಪವಾರಿಸಿ ಭಯದಲ್ಲಿ ಕಾಯುತ್ತಿತ್ತು. ಆಕಾಶದಲ್ಲಿ ಏನೋ ಇದೆ ಎಂಬ ಸುದ್ದಿಗೆ ವಿಮಾನ ವಿರೋಧಿ ಫಿರಂಗಿಗಳು ಬೆಳಗಿನ ಜಾವದವರೆಗೆ 1,400ಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದವು. ಮೇಲೆ ಶತ್ರುವಿಮಾನ ಒಂದೂ ಇರಲಿಲ್ಲ. ಹವಾಮಾನ ಬಲೂನೊಂದು ಗಾಬರಿಗೆ ಕಾರಣವಾಗಿರಬೇಕು ಎಂದು ಮುಂದೆ ಅಲ್ಲಿನ ವಾಯುಪಡೆಯ ಇತಿಹಾಸಕಾರರು ಬರೆದರು. ಆದರೆ ಕೆಳಗೆ, ಕತ್ತಲಲ್ಲಿ ವಾಹನಗಳು ಡಿಕ್ಕಿ ಹೊಡೆದು, ಎದೆಯೊಡೆದು ಕೆಲವರು ಸತ್ತರು. ಪ್ಯಾಂಗಾಂಗ್‌ನಲ್ಲಿ ಎರಡು ಸೈನ್ಯಗಳು ಎದುರುಬದುರು. 2013ರ ಏಪ್ರಿಲ್‌ನಲ್ಲಿ ಲಡಾಖಿನದೇ ದೆಪ್ಸಾಂಗ್ ಬಯಲಿನಲ್ಲಿ ಚೀನೀ ಸೈನಿಕರು ಡೇರೆ ಹಾಕಿ ಸುಮಾರು ಮೂರು ವಾರ ಕದಲದೆ ಕುಳಿತರು. ಅಂಥ ಕಾಲದಲ್ಲಿ ಆಕಾಶದ ಬೆಳಕಿಗೆ ಉತ್ತರವಾಗಿ ಒಂದೇ ಒಂದು ಕ್ಷಿಪಣಿ ಹಾರಿದ್ದರೆ, ಅದು ಗುರುಗ್ರಹವನ್ನಂತೂ ಮುಟ್ಟುತ್ತಿರಲಿಲ್ಲ. ಎಲ್ಲಿಯೋ ನೆಲಕ್ಕೆ ಬೀಳುತ್ತಿತ್ತು. ಬಿದ್ದ ಕಡೆಯವರು ಅದನ್ನು ಏನೆಂದು ತಿಳಿಯುತ್ತಿದ್ದರು? ಗುಂಡು ಹಾರಿಸುವ ಬದಲು ಖಗೋಳಜ್ಞರನ್ನು ಕರೆಸಿದ ಸೇನೆಯ ತೀರ್ಮಾನವನ್ನು ಮೆಚ್ಚಬೇಕಾದದ್ದು ಈ ಕಾರಣಕ್ಕೆ.

ಹಾಗೆಂದು ಕಂಡ ಬೆಳಕನ್ನೆಲ್ಲ ಶುಕ್ರನ ತಲೆಗೆ ಕಟ್ಟುವುದೂ ಸೋಮಾರಿತನವೇ. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಚಾಲಕ, ಹಾಡುಹಗಲಿನಲ್ಲಿ ಕಂಡ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ ಆಮ್ಲಜನಕದ ವ್ಯವಸ್ಥೆಯಿಲ್ಲದೆ ಬಹಳ ಎತ್ತರಕ್ಕೇರಿ, ವಿಮಾನ ಉರುಳಿ ಸತ್ತರು. ತನಿಖೆಯವರು ಮೊದಲು ಶುಕ್ರ ಎಂದರು. ಹಗಲಿನಲ್ಲಿ ಶುಕ್ರ ಸೂಜಿಮೊನೆಯಷ್ಟು, ಹುಡುಕಿದರೂ ಸಿಗುವುದು ಕಷ್ಟ. ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗಲಿಲ್ಲ. ನೌಕಾಪಡೆಯವರು ಗುಟ್ಟಾಗಿ ಹಾರಿಬಿಡುತ್ತಿದ್ದ ‘ಸ್ಕೈಹುಕ್’ ಎಂಬ ಭಾರೀ ಬಲೂನು ಅದಾಗಿರಬೇಕೆಂಬುದು ಆಮೇಲಿನ ತಿಳಿವಳಿಕೆ. ಅದೇ ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ‘ಬ್ಲೂ ಬುಕ್’ ಎಂಬ ಹೆಸರಿನಲ್ಲಿ ಇಂಥ 12,618 ದೂರುಗಳನ್ನು ಪರಿಶೀಲಿಸಿತು. ನಕ್ಷತ್ರ, ಗ್ರಹ, ಬಲೂನು, ವಿಮಾನ, ಮೋಡ ಎಂದು ಬಹುಪಾಲಿಗೆ ಉತ್ತರ ಸಿಕ್ಕಿತು. 701ಕ್ಕೆ ಸಿಗಲಿಲ್ಲ, ಸಿಗಲಿಲ್ಲವೆಂದೇ ಬರೆದು ಕಡತ ಮುಚ್ಚಿದರು. ತಾಳೆಯಾಗದ ಉತ್ತರಕ್ಕಿಂತ ಖಾಲಿ ಬಿಟ್ಟ ಜಾಗವೇ ಪರೀಕ್ಷೆಯಲ್ಲಿ ಹೆಚ್ಚು ಪ್ರಾಮಾಣಿಕ, ಅಂಕ ಸಿಗದಿದ್ದರೂ ಸರಿ.

ಪ್ಯಾಂಗಾಂಗ್‌ನಲ್ಲಿ ತಾಳೆಯಾಯಿತು. ಗುರು, ಶುಕ್ರ ಎಂಬ ನಿರ್ಣಯ 2013ರ ಜುಲೈನಲ್ಲಿ ಪತ್ರಿಕೆಗಳಿಗೆ ಬಂದು ಲಂಡನ್ನಿನವರೆಗೂ ಸುದ್ದಿಯಾಯಿತು. ಮನೆಯಲ್ಲಿ ಮಕ್ಕಳಿರುವವರು ಇದನ್ನು ತಾರಸಿಯ ಮೇಲೆಯೇ ಮಾಡಿನೋಡಬಹುದು. ಸಂಜೆಯ ಪ್ರಖರ ಚುಕ್ಕೆಯೊಂದನ್ನು ಹಿಡಿದು, ಎದುರುಮನೆಯ ನೀರಿನ ತೊಟ್ಟಿಯ ಅಂಚಿಗೆ ಅದು ಎಷ್ಟು ಗಂಟೆಗೆ ಬಂತೆಂದು ಬರೆದಿಡಬೇಕು. ಮರುದಿನ, ಅದರ ಮರುದಿನ, ಅದೇ ಜಾಗದಲ್ಲಿ ನಿಂತು ಮತ್ತೆ ನೋಡಬೇಕು. ಪಕ್ಕದ ಎರಡು ನಕ್ಷತ್ರಗಳೊಡನೆ ಸೇರಿಸಿ ಒಂದು ಪುಟ್ಟ ಚಿತ್ರ ಬರೆದುಕೊಂಡರೆ ಇನ್ನೂ ಒಳ್ಳೆಯದು. ಹತ್ತು ದಿನಕ್ಕೆ ಚುಕ್ಕೆ ತನ್ನ ಜಾತಕವನ್ನು ತಾನೇ ಹೇಳುತ್ತದೆ. ಖರ್ಚು ಒಂದು ಪೆನ್ಸಿಲು, ಒಂದು ನೋಟುಪುಸ್ತಕ. ನಿದ್ದೆಗೆಟ್ಟೀತು ಎಂದು ಅಮ್ಮಂದಿರು ಗೊಣಗಬಹುದು; ಅವರನ್ನೂ ತಾರಸಿಗೆ ಕರೆದೊಯ್ಯುವುದೇ ಅದಕ್ಕೆ ಮದ್ದು.

ಸೇನೆಯ ಲೆಕ್ಕ ಫೆಬ್ರವರಿಗೇ ನಿಂತದ್ದನ್ನು ಗಮನಿಸಿ. ಆ ಹೊತ್ತಿಗೆ ಶುಕ್ರ ಸೂರ್ಯನ ಪ್ರಭೆಯೊಳಗೆ ಮುಳುಗಿತ್ತು. ಮಾರ್ಚ್ ಕೊನೆಗೆ ಅದು ಸೂರ್ಯನ ಆಚೆ ಬದಿಗೇ ಸರಿಯಿತು. ಗುರು ಕತ್ತಲಾಗುವ ಮೊದಲೇ ನೆತ್ತಿಯ ಹತ್ತಿರ ಬಂದಿರುತ್ತಿತ್ತು, ಪೂರ್ವದ ಬೆಟ್ಟದ ಹಿಂದಿನಿಂದ ಏಳುವ ಅವಕಾಶವೇ ಅದಕ್ಕಿರಲಿಲ್ಲ. ಮುಂದೆ 2014ರ ಜನವರಿ ಮೊದಲ ವಾರ, ಈ ಸಲ ಮಿಥುನದ ನಕ್ಷತ್ರಗಳ ನಡುವೆ, ಗುರು ಅದೇ ಬೆಟ್ಟಗಳ ಮೇಲೆ ಸೂರ್ಯ ಮುಳುಗುತ್ತಿದ್ದಂತೆ ಮತ್ತೆ ಮೂಡಿತು.